ಒಡಿಶಾದಿಂದ ನೀರ್ಚಾಲಿಗೆ, ಅಲ್ಲಿಂದ ನ್ಯೂಜೆರ್ಸಿಗೆ: ದತ್ತು ಮಗಳ ಮೊದಲ ಪ್ರಯಾಣ

ಪ್ರಶ್ನೆ: ನಾವು ಕಾಸರಗೋಡಿನ ನೀರ್ಚಾಲಿನವರು. ತುಂಬ ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇವೆ, ಇಬ್ಬರಿಗೂ ಅಮೆರಿಕದ ಪೌರತ್ವ ಇದೆ. ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾ ಮೂಲಕ ಒಡಿಶಾದ ಒಂದು ದತ್ತು ಕೇಂದ್ರದ ಎರಡೂವರೆ ವರ್ಷದ ಹೆಣ್ಣುಮಗು ನಮಗೆ ಸಿಕ್ಕಿದೆ. ಅವರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬಂದಿದೆ, ಜಿಲ್ಲಾಧಿಕಾರಿಯ ಆದೇಶ ಬರಬೇಕಷ್ಟೆ. ಈ ನಡುವೆ ಎರಡು ವಾರ ಮಗುವನ್ನು ನೀರ್ಚಾಲಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ನಾಮಕರಣ ಮಾಡಿ ನೆಂಟರಿಗೆಲ್ಲ ಊಟ ಹಾಕಿಸಬೇಕು ಅನ್ನುವುದು ಅತ್ತೆಯ ಆಸೆ. ಆಮೇಲೆ ದೆಹಲಿಯಲ್ಲಿ ವೀಸಾ ಕೆಲಸ ಮುಗಿಸಿ ಅಮೆರಿಕಕ್ಕೆ. ಮಗು ನಮ್ಮನ್ನು ವೀಡಿಯೊ ಕಾಲ್‌ನಲ್ಲಿ ಮಾತ್ರ ನೋಡಿದೆ. ಅಷ್ಟು ದೂರದ ವಿಮಾನದಲ್ಲಿ ಅತ್ತರೆ ಏನು ಮಾಡುವುದು? ನಿದ್ದೆಗೆ ಏನಾದರೂ ಕೊಡಬಹುದೇ? ಕಿವಿ ನೋವು ಬರುತ್ತದೆಯೇ? ಯಾವ ಕಾಗದಪತ್ರ ಕೈಯಲ್ಲಿರಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ವಿಮಾನದ ಬಗ್ಗೆ ಇಷ್ಟು ಪ್ರಶ್ನೆಗಳಿವೆ, ನೀರ್ಚಾಲಿನ ಎರಡು ವಾರದ ಬಗ್ಗೆ ಒಂದೂ ಇಲ್ಲ. ಮಕ್ಕಳ ವೈದ್ಯೆಯಾಗಿ ನನಗೆ ಚಿಂತೆ ಆಗುವುದು ಆ ಎರಡು ವಾರದ್ದೇ. ವಿಮಾನದಲ್ಲಿ ಮಗು ಅತ್ತರೆ ಒಂದು ದಿನದಲ್ಲಿ ಮುಗಿಯುತ್ತದೆ. ಅದಕ್ಕಿಂತ ಮೊದಲಿನ ದಿನಗಳಲ್ಲಿ ಅವಳ ಸುತ್ತ ಎಷ್ಟು ಜನ ಇರುತ್ತಾರೆ, ಯಾರು ಊಟ ಮಾಡಿಸುತ್ತಾರೆ, ಯಾರ ಪಕ್ಕ ಮಲಗುತ್ತಾಳೆ ಅನ್ನುವುದರ ಮೇಲೆ ಆ ಅಳು ಎಷ್ಟು ಅನ್ನುವುದು ನಿಂತಿದೆ.

ನೀವು ಮನೆಗೆ ಹೋಗುತ್ತಿದ್ದೀರಿ. ಅವಳು ಮನೆ ಬಿಡುತ್ತಿದ್ದಾಳೆ. ಆ ಕೇಂದ್ರ ಹೇಗೇ ಇರಲಿ, ಅವಳಿಗೆ ಗೊತ್ತಿರುವ ಮನೆ ಅದೊಂದೇ. ಅಲ್ಲಿನ ಆಯಾ, ಪಕ್ಕದ ತೊಟ್ಟಿಲಿನ ಮಗು, ಗಂಟೆ ಹೊಡೆದಂತೆ ಬರುವ ಊಟ, ಇದೆಲ್ಲ ಒಂದೇ ದಿನದಲ್ಲಿ ಇಲ್ಲವಾಗುತ್ತದೆ. ಯಾಕೆ ಅಂತ ಅವಳಿಗೆ ವಿವರಿಸುವ ಭಾಷೆಯೂ ನಿಮ್ಮ ಹತ್ತಿರ ಇಲ್ಲ. ನಾನು ಮುಂದೆ ಹೇಳುವುದೆಲ್ಲ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ.

ಮೊದಲು, ನೀರ್ಚಾಲಿಗೆ ಹೋಗಬೇಕೇ ಬೇಡವೇ. ಎನ್‌ಒಸಿ ಬಂದು ಆದೇಶ ಬಾಕಿ ಇರುವಾಗ ಮಗುವನ್ನು ತಾತ್ಕಾಲಿಕ ಪೋಷಣೆಗೆ ಅಂತ ನಿಮ್ಮ ಕೈಗೆ ಕೊಡಲು 2022ರ ದತ್ತು ನಿಯಮಾವಳಿಯಲ್ಲಿ ಅವಕಾಶ ಇದೆ. ಭಾರತದ ಒಳಗೆ ಮಾತ್ರ. ಕೇಂದ್ರದವರ ಜೊತೆ ಇದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ನೀರ್ಚಾಲಿನ ಮನೆಯ ವಿಳಾಸ, ಅಲ್ಲಿ ಯಾರು ಯಾರಿದ್ದಾರೆ, ಎಷ್ಟು ದಿನ ಇರುತ್ತೀರಿ, ಎಲ್ಲ ಬರೆದು ಕೊಟ್ಟು ಒಪ್ಪಿಗೆ ತೆಗೆದುಕೊಳ್ಳಿ. ಆದೇಶ, ಪಾಸ್‌ಪೋರ್ಟ್, ವೀಸಾ ಎಲ್ಲ ಆಗಲು ಒಂದು ತಿಂಗಳಿಗಿಂತ ಜಾಸ್ತಿ ಹಿಡಿಯುತ್ತದೆ ಅಂತಾದರೆ ಧಾರಾಳವಾಗಿ ಹೋಗಿ. ಹೋಟೆಲ್ ಕೋಣೆಗಿಂತ ಅಂಗಳ ಇರುವ ಮನೆ ಸಾವಿರ ಪಾಲು ಒಳ್ಳೆಯದು. ಐದಾರು ದಿನಕ್ಕೆ ಹೋಗಿ ಬರುವುದಾದರೆ ಮಾತ್ರ ಬೇಡ. ಒಡಿಶಾ, ನೀರ್ಚಾಲು, ದೆಹಲಿ, ನ್ಯೂಜೆರ್ಸಿ ಅಂತ ಒಂದೇ ತಿಂಗಳಲ್ಲಿ ನಾಲ್ಕು ಕಡೆ ನಿದ್ದೆ ಮಾಡಲು ಆ ಮಗುವಿಗೆ ಹೇಳುವುದು ಅನ್ಯಾಯ. ಹಾಗಾದರೆ ಅತ್ತೆಯವರನ್ನೇ ದೆಹಲಿಗೆ ಕರೆಸಿಕೊಳ್ಳಿ.

ಮಗುವನ್ನು ನೋಡಿದ ದಿನವೇ ಕರೆದುಕೊಂಡು ಹೊರಡಬೇಡಿ. ಒಂದು ವಾರ ಆ ಊರಲ್ಲೇ ರೂಮು ಮಾಡಿ. ದಿನಾ ಕೇಂದ್ರಕ್ಕೆ ಹೋಗಿ ಆಯಾ ಪಕ್ಕದಲ್ಲಿ ಕೂತಿರಿ. ಮೊದಲ ದಿನ ಆಯಾ ಊಟ ಮಾಡಿಸುವುದನ್ನು ನೋಡಿ, ಆಮೇಲೆ ಆಯಾ ಎದುರಿಗೇ ನೀವು ಮಾಡಿಸಿ. ಹೇಗೆ ಮಲಗಿಸುತ್ತಾರೆ, ಬೆನ್ನು ತಟ್ಟಿಯೋ ಹಾಡು ಹೇಳಿಯೋ, ಕರೆಯುವ ಹೆಸರು ಯಾವುದು, ಯಾವುದಕ್ಕೆ ಹೆದರುತ್ತಾಳೆ, ಎಲ್ಲ ಬರೆದಿಟ್ಟುಕೊಳ್ಳಿ. ಆಯಾಳ ಧ್ವನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಗುವಿನ ಫೋಟೋ, ಬೆಳೆದ ಬಗೆ, ಇಷ್ಟಾನಿಷ್ಟ ಇರುವ ನೆನಪಿನ ಆಲ್ಬಂ ಒಂದನ್ನು ಕೇಂದ್ರಗಳು ತಯಾರಿಸಿ ಕೊಡಬೇಕು, ಅದನ್ನು ಕೇಳಿ ಪಡೆಯಿರಿ. ಅವಳು ಹೊದೆಯುವ ಬಟ್ಟೆ ಕೊಡುತ್ತಾರಾ ಕೇಳಿ. ಕೊಟ್ಟರೆ ಒಗೆಯಬೇಡಿ. ಆ ವಾಸನೆಯೇ ಮುಂದಿನ ಎರಡು ತಿಂಗಳು ಅವಳಿಗೆ ಆಸರೆ.

ಇನ್ನೊಂದು ವಿಷಯ ನಿಮ್ಮ ಯಜಮಾನರಿಗೆ. ಇಂಥ ಕೇಂದ್ರಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಹೆಚ್ಚುಕಮ್ಮಿ ಎಲ್ಲರೂ ಹೆಂಗಸರು. ಗಂಡಸಿನ ಧ್ವನಿ, ಗಡ್ಡ ಮೀಸೆ ಅವಳಿಗೆ ಹೊಸದಿರಬಹುದು. ಮಗು ಅವರನ್ನು ಕಂಡು ಮುಖ ತಿರುಗಿಸಿದರೆ ಬೇಜಾರು ಮಾಡಿಕೊಳ್ಳುವುದು ಬೇಡ, ಹಿಂದೆ ಸರಿಯುವುದೂ ಬೇಡ. ನೆಲದ ಮೇಲೆ ಕೂರಲಿ, ಕೈಯಲ್ಲಿ ಬಿಸ್ಕತ್ತು ಹಿಡಿದಿರಲಿ, ಕಣ್ಣಿಟ್ಟು ನೋಡದೆ ಇರಲಿ. ಅವಳೇ ಬರುತ್ತಾಳೆ. ಅಮ್ಮನಿಗೆ ಮಾತ್ರ ಅಂಟಿಕೊಂಡ ಮಗುವಿನ ಜೊತೆ ಅಮೆರಿಕದವರೆಗೆ ಹೋಗುವುದು ಅಮ್ಮನಿಗೆ ಬಹಳ ಕಷ್ಟ.

ಈಗ ನೀರ್ಚಾಲು. ಮಂಗಳೂರು ವಿಮಾನ ನಿಲ್ದಾಣಕ್ಕೆ ಕಾರು ತರಲು ಒಬ್ಬರು ಸಾಕು. ಹಾರ, ಹೂಗುಚ್ಛ, ಹತ್ತು ಜನರ ಗುಂಪು ಖಂಡಿತ ಬೇಡ. ಕುಂಬಳೆಯಿಂದ ಸೀತಾಂಗೋಳಿ ದಾಟಿ ಬರುವ ತಿರುವಿನ ದಾರಿಯಲ್ಲಿ ವಾಂತಿ ಆಗಬಹುದು. ಹೊಟ್ಟೆ ತುಂಬ ತಿನ್ನಿಸಬೇಡಿ, ಒಂದು ಜೊತೆ ಬಟ್ಟೆ ಕೈಯಲ್ಲೇ ಇರಲಿ.

ಮನೆಗೆ ಬಂದ ಮೇಲೆ ಒಂದು ನಿಯಮ: ಊಟ ಮಾಡಿಸುವುದು, ಸ್ನಾನ, ಮಲಗಿಸುವುದು, ಅತ್ತಾಗ ಎತ್ತಿಕೊಳ್ಳುವುದು, ಈ ನಾಲ್ಕೂ ನಿಮ್ಮಿಬ್ಬರದ್ದು ಮಾತ್ರ. ಅತ್ತೆ ಪಕ್ಕದಲ್ಲಿ ಕೂತು ಆಡಿಸಬಹುದು, ಹೂ ತೋರಿಸಬಹುದು, ದನದ ಹಟ್ಟಿಗೆ ನಿಮ್ಮ ಜೊತೆ ಬರಬಹುದು. ಮಡಿಲಲ್ಲಿ ಕೂರಿಸಿ ತುತ್ತು ಕೊಡುವುದು ಮಾತ್ರ ಸ್ವಲ್ಪ ದಿನ ಬೇಡ. ನಮ್ಮ ಕಡೆಯ ಮನೆಗಳಲ್ಲಿ ಇದನ್ನು ಹೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಮಗುವನ್ನು ಕೈಯಿಂದ ಕೈಗೆ ದಾಟಿಸುವುದೇ ಇಲ್ಲಿ ಪ್ರೀತಿ. ಹುಟ್ಟಿನಿಂದ ಅಮ್ಮನ ಜೊತೆ ಇರುವ ಮಗುವಿಗೆ ಅದರಿಂದ ಏನೂ ತೊಂದರೆ ಇಲ್ಲ, ಅಮ್ಮ ಯಾರು ಅಂತ ಅದಕ್ಕೆ ಆಗಲೇ ಗೊತ್ತಿರುತ್ತದೆ. ನಿಮ್ಮ ಮಗಳಿಗೆ ಅದೇ ಗೊತ್ತಿಲ್ಲ. ಇಷ್ಟು ದಿನ ಪಾಳಿಯ ಪ್ರಕಾರ ಬದಲಾಗುವ ಕೈಗಳಲ್ಲೇ ಅವಳು ಬೆಳೆದಿದ್ದಾಳೆ. ಇನ್ನೂ ಹತ್ತು ಕೈ ಸೇರಿಸಿದರೆ ನೀವು ಆ ಹತ್ತರಲ್ಲಿ ಒಬ್ಬರಾಗುತ್ತೀರಿ, ಅಷ್ಟೆ. ಅತ್ತೆಯವರಿಗೆ ಇದನ್ನು ಮಗು ಬರುವ ಮೊದಲೇ, ಒಬ್ಬರೇ ಇರುವಾಗ, ಮಗನ ಬಾಯಿಂದಲೇ ಹೇಳಿಸಿ. ಸೊಸೆ ಹೇಳಿದರೆ ಬೇರೆ ಅರ್ಥ ಬರುತ್ತದೆ. ಬೇಕಾದರೆ ಡಾಕ್ಟರು ಹೇಳಿದ್ದು ಅನ್ನಿ.

ಇಲ್ಲಿ ಒಂದು ವಿಷಯ ತಪ್ಪಾಗಿ ತಿಳಿಯುವವರು ಬಹಳ. ಬಂದವರೆಲ್ಲರ ಹತ್ತಿರ ಮಗು ನಗುತ್ತಾ ಹೋಗುತ್ತದೆ, ಯಾರು ಕೈ ಚಾಚಿದರೂ ಎತ್ತಿಕೊಳ್ಳಲು ಬಿಡುತ್ತದೆ. ಆಗ ಮನೆಯವರು ‘ಎಷ್ಟು ಬೇಗ ಹೊಂದಿಕೊಂಡಳು’ ಅನ್ನುತ್ತಾರೆ. ಕೇಂದ್ರಗಳಲ್ಲಿ ಬೆಳೆದ ಮಕ್ಕಳಲ್ಲಿ ಇದು ಹೊಂದಿಕೊಂಡ ಲಕ್ಷಣ ಅಲ್ಲ. ತನ್ನವರು ಅಂತ ಇನ್ನೂ ಯಾರೂ ಇಲ್ಲದ ಲಕ್ಷಣ. ಅಪರಿಚಿತರನ್ನು ಕಂಡು ನಿಮ್ಮ ಸೀರೆಯ ಹಿಂದೆ ಅಡಗಿದ ದಿನ ನನಗೆ ಜಾಸ್ತಿ ಸಂತೋಷ.

ನಾಮಕರಣ ಮನೆಯ ಏಳೆಂಟು ಜನರಲ್ಲಿ, ಅರ್ಧ ಗಂಟೆಯಲ್ಲಿ ಮುಗಿಯಲಿ. ಹೋಮದ ಹೊಗೆ, ಮೈಕು, ಪಂಕ್ತಿ ಊಟ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಆಗ ಅವಳೇ ಪಂಕ್ತಿಯಲ್ಲಿ ಕೂತು ಪಾಯಸ ಉಣ್ಣುತ್ತಾಳೆ. ಹೊಸ ಹೆಸರು ಇಟ್ಟರೂ ಈಗ ಕರೆಯುವ ಹೆಸರನ್ನು ಬಿಡಬೇಡಿ. ಅವಳ ಜೊತೆ ಬರುತ್ತಿರುವ ಸ್ವಂತ ಆಸ್ತಿ ಅದೊಂದೇ ಅಲ್ವಾ?

ಯಾರ ಮಗು, ಯಾವ ಜಾತಿ, ಬಣ್ಣ ಸ್ವಲ್ಪ ಕಡಿಮೆ ಅಲ್ವಾ ಅನ್ನುವವರು ಬಂದೇ ಬರುತ್ತಾರೆ. ‘ಪುಣ್ಯದ ಕೆಲಸ ಮಾಡಿದಿರಿ’ ಅನ್ನುವವರೂ ಬರುತ್ತಾರೆ. ಭಾಷೆ ಬಾರದಿದ್ದರೂ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಅಂತ ಎರಡೂವರೆ ವರ್ಷದ ಮಗುವಿಗೆ ಗೊತ್ತಾಗುತ್ತದೆ. ‘ಇವಳು ನಮ್ಮ ಮಗಳು, ಉಳಿದದ್ದು ಅವಳ ಸ್ವಂತ ವಿಷಯ’ ಅಂತ ಒಂದೇ ಮಾತಿನಲ್ಲಿ ಮುಗಿಸಿ. ಅವಳ ಹಿನ್ನೆಲೆ ನಿಮಗೆ ಗೊತ್ತಿದ್ದಷ್ಟನ್ನೂ ನೆಂಟರ ಬಾಯಿಗೆ ಹಾಕಬೇಡಿ. ದೊಡ್ಡವಳಾದ ಮೇಲೆ ಅದನ್ನು ಮೊದಲು ಕೇಳಬೇಕಾದವಳು ಅವಳು. ಫ್ಯಾಮಿಲಿ ಗ್ರೂಪಿನಲ್ಲಿ ಫೋಟೋ ಹಾಕುವುದೂ ಬೇಡ. ಇಂಥ ಮಕ್ಕಳ ಗುರುತು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ತಡೆಯುತ್ತದೆ.

ಭಾಷೆ ಇನ್ನೊಂದು ಗೊಂದಲ. ಮನೆಯಲ್ಲಿ ಹವ್ಯಕ ಕನ್ನಡ, ತೋಟದ ಕೆಲಸದವರ ತುಳು, ಪೇಟೆಯ ಮಲಯಾಳಂ, ನಿಮ್ಮಿಬ್ಬರ ನಡುವೆ ಇಂಗ್ಲಿಷ್. ಮಗುವಿಗೆ ಗೊತ್ತಿರುವುದು ಒಡಿಯಾ. ನೀರಿಗೆ ಪಾಣಿ, ಅನ್ನಕ್ಕೆ ಭಾತ, ಹಾಲಿಗೆ ಖೀರ, ಹೀಗೆ ಇಪ್ಪತ್ತು ಮೂವತ್ತು ಮಾತು ಆಯಾಳಿಂದ ಕಲಿತು ಬನ್ನಿ. ಹಸಿವು, ನೋವು, ಹೆದರಿಕೆ, ಮೂತ್ರ ಇವಕ್ಕೆ ಏನನ್ನುತ್ತಾಳೆ ಅಂತ ಮರೆಯದೆ ಕೇಳಿ. ಅದರ ಜೊತೆಗೆ ಮನೆಯ ಒಂದೇ ಭಾಷೆ ಕೇಳಿಸಿ.

ರಾತ್ರಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅವಳು ಇಷ್ಟು ದಿನ ಮಲಗಿದ್ದು ಹತ್ತಾರು ಮಕ್ಕಳ ಜೊತೆ, ಲೈಟು ಉರಿಯುವ ಕೋಣೆಯಲ್ಲಿ. ಅಡಿಕೆ ತೋಟದ ಮನೆಯ ಕತ್ತಲೆ, ಜೀರುಂಡೆ ಸದ್ದು, ಕರೆಂಟು ಹೋದ ರಾತ್ರಿ ಅವಳಿಗೆ ದಿಗಿಲು ಹುಟ್ಟಿಸಬಹುದು. ಬೇರೆ ಹಾಸಿಗೆ ಬೇಡವೇ ಬೇಡ, ನಿಮ್ಮಿಬ್ಬರ ನಡುವೆ ಮಲಗಿಸಿ. ಸಣ್ಣ ಲೈಟು ಇರಲಿ, ಕರೆಂಟು ಹೋದರೆ ಅಂತ ಟಾರ್ಚೂ ಇರಲಿ. ಕಣ್ಣು ಬಿಟ್ಟಾಗ ಅವಳಿಗೆ ಯಾರಾದರೊಬ್ಬರ ಮುಖ ಕಾಣಬೇಕು. ನಡುರಾತ್ರಿ ಎದ್ದು ಸಮಾಧಾನವೇ ಆಗದಂತೆ ಅಳಬಹುದು. ಆಗ ಬೈಯುವುದು, ಭೂತ ಹೆದರಿಸಿತು ಅಂತ ನೂಲು ಕಟ್ಟುವುದು ಬೇಡ. ಅದು ದುಃಖ. ಎತ್ತಿಕೊಂಡು ಜಗಲಿಯಲ್ಲಿ ನಡೆದಾಡಿ, ಅಳಲು ಬಿಡಿ.

ಊಟದಲ್ಲಿ ಎರಡು ಬಗೆ ನೋಡುತ್ತೇವೆ. ಕೆಲವು ಮಕ್ಕಳು ಏನೂ ತಿನ್ನುವುದಿಲ್ಲ. ಕೆಲವರು ನಿಲ್ಲಿಸದೆ ತಿನ್ನುತ್ತಾರೆ, ರೊಟ್ಟಿ ಚೂರನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಾರೆ. ಮುಷ್ಟಿ ಬಿಡಿಸಬೇಡಿ. ಕಣ್ಣಿಗೆ ಕಾಣುವಲ್ಲಿ ಯಾವಾಗಲೂ ಒಂದು ಬಾಳೆಹಣ್ಣು ಇರಲಿ, ಊಟ ನಾಳೆಯೂ ಸಿಗುತ್ತದೆ ಅಂತ ಅವಳಿಗೆ ನಂಬಿಕೆ ಬರಬೇಕು. ಕೇಂದ್ರದಲ್ಲಿ ಕುಚ್ಚಿಲಕ್ಕಿಯೋ ಬೆಳ್ತಿಗೆಯೋ ಕೇಳಿಕೊಳ್ಳಿ, ನಿಮ್ಮ ಮನೆಯಲ್ಲಿ ಎರಡೂ ಇರುತ್ತದೆ. ಅನ್ನ ಮತ್ತು ತೆಳ್ಳಗಿನ ಬೇಳೆ ಸಾಕು. ಪತ್ರೊಡೆ, ಹಲಸಿನ ಗಟ್ಟಿ ಎಲ್ಲ ನಿಧಾನಕ್ಕೆ. ಅಭ್ಯಂಗದ ಸ್ನಾನವನ್ನೂ ಮೊದಲ ವಾರ ಬಿಡಿ. ಬಚ್ಚಲಿನ ಹೊಗೆ, ಹಂಡೆಯ ನೀರು, ಮೈಯೆಲ್ಲ ಎಣ್ಣೆ, ಗೊತ್ತಿಲ್ಲದ ಕೈಗಳು, ಇದರಲ್ಲಿ ಹೆದರದ ಮಗು ಕಡಿಮೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಕೇಂದ್ರದ ಮಕ್ಕಳಿಗೆ ಕೆರೆ, ಬಾವಿ, ಮೆಟ್ಟಿಲು ಗೊತ್ತಿರುವುದಿಲ್ಲ. ನಿಮ್ಮ ಕಡೆ, ನೀರಿಗಾಗಿ ಗುಡ್ಡ ಕೊರೆದ ಸುರಂಗದಿಂದ ನೀರು ಬೀಳುವ ತೆರೆದ ಟ್ಯಾಂಕು ಅನೇಕ ತೋಟಗಳಲ್ಲಿ ಮನೆ ಪಕ್ಕದಲ್ಲೇ ಇರುತ್ತದೆ. ಮಗು ಬರುವ ಮೊದಲು ಅದಕ್ಕೆ ಬೇಲಿ ಹಾಕಿಸಿ. ಮದ್ದು ಬಿಡಲು ತಂದಿಟ್ಟ ಮೈಲುತುತ್ತು ಎಲ್ಲಿದೆ ನೋಡಿ, ಬೀಗ ಹಾಕಿ. ಆ ನೀಲಿ ಬಣ್ಣ ಮಕ್ಕಳನ್ನು ಕರೆಯುತ್ತದೆ.

ಆರೋಗ್ಯ. ಅಮೆರಿಕದ ವೀಸಾಕ್ಕೆ ರಾಯಭಾರ ಕಚೇರಿ ಗುರುತಿಸಿದ ವೈದ್ಯರೇ ಪರೀಕ್ಷೆ ಮಾಡಬೇಕು. ಎರಡು ವರ್ಷ ದಾಟಿದ ಮಗುವಿಗೆ ಕ್ಷಯಕ್ಕೆ ಐಜಿಆರ್‌ಎ ಅನ್ನುವ ರಕ್ತ ಪರೀಕ್ಷೆ ಇರುತ್ತದೆ. ಕ್ಷಯದ ಬಿಸಿಜಿ ಲಸಿಕೆ ಹಾಕಿಸಿದ್ದರೆ ಚರ್ಮದ ಪರೀಕ್ಷೆ ಸುಳ್ಳೇ ಪಾಸಿಟಿವ್ ಬರಬಹುದು. ಐಜಿಆರ್‌ಎಗೆ ಆ ತೊಂದರೆ ಇಲ್ಲ. ಅದು ಪಾಸಿಟಿವ್ ಬಂದರೆ ಎಕ್ಸ್‌ರೇ, ಎಕ್ಸ್‌ರೇಯಲ್ಲಿ ಏನಾದರೂ ಕಂಡರೆ ಇನ್ನಷ್ಟು ಪರೀಕ್ಷೆ, ಕೆಲವೊಮ್ಮೆ ಚಿಕಿತ್ಸೆ. ಪ್ರಯಾಣ ಮುಂದೆ ಹೋಗುವುದು ಇಲ್ಲಿಯೇ. ಹಾಗಾಗಿ ವೀಸಾ ಕೈಗೆ ಬರುವ ಮೊದಲು ದಿನಾಂಕ ಬದಲಿಸಲಾಗದ ಟಿಕೆಟ್ ತೆಗೆಯಬೇಡಿ. ಲಸಿಕೆಯ ಬಗ್ಗೆ ಗಡಿಬಿಡಿ ಬೇಡ. ಹತ್ತು ವರ್ಷದ ಒಳಗಿನ ದತ್ತು ಮಕ್ಕಳಿಗೆ, ಅಮೆರಿಕ ತಲುಪಿ 30 ದಿನದೊಳಗೆ ಹಾಕಿಸುತ್ತೇವೆ ಅಂತ ಡಿಎಸ್-1981 ಎಂಬ ಫಾರಂನಲ್ಲಿ ಬರೆದುಕೊಡಬಹುದು. ಒಂದೇ ವಾರದಲ್ಲಿ ನಾಲ್ಕು ಸೂಜಿ ಚುಚ್ಚಿಸಿ, ಮಗು ನಿಮ್ಮನ್ನು ನೋವಿನ ಜೊತೆ ಸೇರಿಸಿ ನೆನಪಿಡುವ ಹಾಗೆ ಮಾಡಬೇಡಿ. ಕಜ್ಜಿ, ತಲೆಹೇನು, ಹೊಟ್ಟೆಹುಳ ಮತ್ತು ರಕ್ತಹೀನತೆ ಇದೆಯೇ ಅಂತ ಮಾತ್ರ ಹೊರಡುವ ಮೊದಲೇ ನೋಡಿಸಿ. ಕಜ್ಜಿ ಇದ್ದರೆ ಮನೆಯವರೆಲ್ಲರೂ ಒಟ್ಟಿಗೆ ಮುಲಾಮು ಹಚ್ಚಬೇಕು.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಕೊಡುವುದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಅದರ ದೃಢೀಕೃತ ಪ್ರತಿ ನಾಲ್ಕೈದು ತೆಗೆದುಕೊಳ್ಳಿ. ಕಾರಾದ ಎನ್‌ಒಸಿ, ದೇಶದಿಂದ ದೇಶಕ್ಕೆ ಆಗುವ ದತ್ತಿನ ಹೇಗ್ ಒಪ್ಪಂದದ 23ನೇ ವಿಧಿಯ ಪ್ರಮಾಣಪತ್ರ, ನಿಮ್ಮ ಹೆಸರಿರುವ ಜನನ ಪ್ರಮಾಣಪತ್ರ, ಮಗುವಿನ ಪಾಸ್‌ಪೋರ್ಟ್, ವೀಸಾ, ಎಲ್ಲ ಕೈಚೀಲದಲ್ಲೇ ಇರಲಿ. ಒಂದು ಸೆಟ್ ಪ್ರತಿ ನಿಮ್ಮ ಹತ್ತಿರ, ಇನ್ನೊಂದು ಯಜಮಾನರ ಹತ್ತಿರ. ರಾಯಭಾರ ಕಚೇರಿ ಮೊಹರು ಮಾಡಿದ ಕವರ್ ಕೊಟ್ಟರೆ ಅದನ್ನು ಒಡೆಯಬೇಡಿ, ಅಮೆರಿಕದ ಇಮಿಗ್ರೇಶನ್‌ನವರೇ ಒಡೆಯಬೇಕು.

ಹೆಸರಿನಲ್ಲಿ ನಮ್ಮ ಕಡೆಯವರು ಎಡವುವುದು ಜಾಸ್ತಿ. ಇನಿಶಿಯಲ್ ಹಾಕಿ ಒಂದೇ ಹೆಸರು ಬರೆಸುತ್ತಾರೆ. ಪಾಸ್‌ಪೋರ್ಟಿನಲ್ಲಿ ಮೊದಲ ಹೆಸರಿನ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಬೀಳುತ್ತದೆ. ಆಮೇಲೆ ಶಾಲೆ, ವಿಮೆ ಎಲ್ಲ ಕಡೆ ಅದೇ ಮುಂದುವರಿಯುತ್ತದೆ. ಮೊದಲ ಹೆಸರು, ಕುಟುಂಬದ ಹೆಸರು ಎರಡನ್ನೂ ತುಂಬಿಸಿ. ಆದೇಶ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಟಿಕೆಟ್ ನಾಲ್ಕರಲ್ಲೂ ಅಕ್ಷರ ಅಕ್ಷರ ಒಂದೇ ಇರಲಿ.

ಇನ್ನು ವಿಮಾನ. ವೀಸಾ ದೆಹಲಿಯಲ್ಲೇ ಆಗುವುದರಿಂದ ಅಲ್ಲಿಂದಲೇ ನೇರ ಹೊರಡಿ, ಮತ್ತೆ ನೀರ್ಚಾಲಿಗೆ ಬರಬೇಡಿ. ದೆಹಲಿಯಿಂದ ನ್ಯೂಯಾರ್ಕ್ ಕಡೆಗೆ ನೇರ ವಿಮಾನ ಸಿಕ್ಕರೆ ದುಡ್ಡು ಜಾಸ್ತಿಯಾದರೂ ಅದನ್ನೇ ಹಿಡಿಯಿರಿ. ನಡುರಾತ್ರಿ ಕೊಲ್ಲಿಯ ಯಾವುದೋ ನಿಲ್ದಾಣದಲ್ಲಿ ಮಲಗಿದ ಮಗುವನ್ನು ಎಬ್ಬಿಸಿ ಸೆಕ್ಯುರಿಟಿ ದಾಟಿಸುವುದಕ್ಕಿಂತ ಅದು ಎಷ್ಟೋ ವಾಸಿ. ಎರಡು ವರ್ಷ ತುಂಬಿದ ಮಗುವಿಗೆ ಬೇರೆ ಸೀಟು ಕಡ್ಡಾಯ. ಮೂರೂ ಸೀಟು ಒಟ್ಟಿಗೆ ಇರಲಿ, ಅವಳು ನಡುವೆ.

ನಿದ್ದೆಗೆ ಮದ್ದು ಬೇಡ. ಶೀತದ ಸಿರಪ್ ಕೊಟ್ಟು ಮಲಗಿಸುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಕೆಲವು ಮಕ್ಕಳು ಅದರಿಂದ ಮಲಗುವ ಬದಲು ಇನ್ನಷ್ಟು ಚಡಪಡಿಸುತ್ತಾರೆ, ಕೆಲವರ ಉಸಿರಾಟವೇ ಕುಗ್ಗಬಹುದು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ಸಿರಪ್‌ಗಳನ್ನು ನಾಲ್ಕು ವರ್ಷದ ಒಳಗಿನವರಿಗೆ ಕೊಡಬಾರದು ಅಂತ 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಔಷಧ ನಿಯಂತ್ರಕರೇ ಹೇಳಿದ್ದಾರೆ. ಪ್ಯಾರಸಿಟಮಾಲ್ ಜ್ವರ ಅಥವಾ ನೋವಿಗೆ ಮಾತ್ರ, ಅದೂ ತೂಕ ನೋಡಿ ವೈದ್ಯರು ಬರೆದುಕೊಟ್ಟ ಅಳತೆಯಲ್ಲಿ.

ಕಿವಿ ನೋವು ಬರುವುದು ಹೆಚ್ಚಾಗಿ ವಿಮಾನ ಇಳಿಯುವಾಗ. ಕಿವಿಯನ್ನು ಗಂಟಲಿಗೆ ಸೇರಿಸುವ ನಾಳ ಮಕ್ಕಳಲ್ಲಿ ಸಣ್ಣದು, ನುಂಗುವಾಗ, ಆಕಳಿಸುವಾಗ ತೆರೆಯುತ್ತದೆ. ನಿದ್ದೆಯಲ್ಲಿ ನುಂಗುವುದು ಕಡಿಮೆ. ಅದಕ್ಕೇ ಇಳಿಯಲು ಅರ್ಧ ಗಂಟೆ ಇರುವಾಗ ಎಬ್ಬಿಸಿ ಗುಟುಕು ಗುಟುಕಾಗಿ ನೀರು ಅಥವಾ ಹಾಲು ಕುಡಿಸಿ. ಮೂಗು ಜೋರಾಗಿ ಕಟ್ಟಿದ್ದರೆ ಹಿಂದಿನ ದಿನ ವೈದ್ಯರಿಗೆ ತೋರಿಸಿ.

ಅಳುವಿನ ಬಗ್ಗೆ ಕೇಳಿದಿರಿ. ಅತ್ತರೆ ಎತ್ತಿಕೊಳ್ಳಿ, ವಿಮಾನದ ಹಿಂಬದಿಯಲ್ಲಿ ಊಟ ತಯಾರಿಸುವ ಜಾಗದ ಹತ್ತಿರ ನಿಂತು ತೂಗಿ, ಅಕ್ಕಪಕ್ಕದವರ ಮುಖ ನೋಡಬೇಡಿ. ಎರಡೂವರೆ ವರ್ಷದವಳು ಅಂತ ಮರೆತುಬಿಡಿ. ಇಂಥ ದಿನ ಮಕ್ಕಳು ಒಂದು ವರ್ಷದವರ ಹಾಗೆ ಆಗುತ್ತಾರೆ. ಡಯಾಪರ್ ಹಾಕಿ, ಬಾಟಲಿ ಕೇಳಿದರೆ ಕೊಡಿ. ನನಗೆ ಅಳುವ ಮಗುವಿಗಿಂತ ಅಳದ ಮಗುವಿನ ಚಿಂತೆ ಜಾಸ್ತಿ. ಹದಿನೈದು ಗಂಟೆ ಸುಮ್ನೆ ಕೂತು, ಎಲ್ಲೋ ನೋಡುತ್ತಾ, ಕೊಟ್ಟದ್ದನ್ನು ತಿನ್ನುತ್ತಾ ಇದ್ದರೆ ‘ಎಷ್ಟು ಒಳ್ಳೆಯ ಮಗು’ ಅಂದುಕೊಳ್ಳಬೇಡಿ. ಭಯ ತಡೆಯಲಾರದೆ ಒಳಗೆ ಮುದುಡಿಕೊಂಡಿರಬಹುದು. ಆಗಲೂ ಎತ್ತಿಕೊಳ್ಳಿ, ಮೆಲ್ಲಗೆ ಮಾತಾಡಿ, ಆಯಾಳ ಧ್ವನಿ ಬೇಕಾದರೆ ಕೇಳಿಸಿ. ಅದನ್ನು ಕೇಳಿ ಅತ್ತರೆ ಒಳ್ಳೆಯದೇ.

ಅಮೆರಿಕದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಇಮಿಗ್ರೇಶನ್ ಆಗುತ್ತದೆ, ದತ್ತು ಮಕ್ಕಳ ಕಾಗದ ನೋಡಲು ಬೇರೆ ಕೋಣೆಗೆ ಕಳಿಸುತ್ತಾರೆ. ಅಲ್ಲಿ ಕಾಯಲು ಹಾಲು, ತಿಂಡಿ, ಡಯಾಪರ್ ಉಳಿಸಿಕೊಂಡಿರಿ. ಭಾರತದಲ್ಲೇ ದತ್ತು ಪೂರ್ತಿಯಾದ ಮಕ್ಕಳಿಗೆ ಕೊಡುವ ಐಎಚ್-3 ವೀಸಾದಲ್ಲಿ ಒಳಗೆ ಬಂದು ನಿಮ್ಮ ಜೊತೆ ವಾಸ ಶುರು ಮಾಡಿದರೆ ಅವಳು ತಾನಾಗಿ ಅಮೆರಿಕದ ಪ್ರಜೆ, ಪ್ರಮಾಣಪತ್ರ ಮನೆಗೆ ಬರುತ್ತದೆ. ಆಮೇಲೆ ಭಾರತದ ಪಾಸ್‌ಪೋರ್ಟ್ ಹಿಂತಿರುಗಿಸಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡಿಗೆ ಅರ್ಜಿ ಹಾಕಿ, ಮುಂದಿನ ವರ್ಷ ನೀರ್ಚಾಲಿಗೆ ಬರಲು ಅದಿದ್ದರೆ ಸುಲಭ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ ಅಮೆರಿಕದ ನಿಮ್ಮ ದತ್ತು ಏಜೆನ್ಸಿ ಮಗುವಿನ ವರದಿ ಕಳಿಸಬೇಕು. ಅವರು ಮನೆಗೆ ಬಂದಾಗ ಕಷ್ಟವನ್ನೂ ಹೇಳಿ, ಎಲ್ಲ ಚೆನ್ನಾಗಿದೆ ಅಂತ ಮಾತ್ರ ಹೇಳಿ ಕಳಿಸಬೇಡಿ.

ಹಗಲು ರಾತ್ರಿ ಪೂರ್ತಿ ಅದಲುಬದಲಾಗಿರುತ್ತದೆ, ನಡುರಾತ್ರಿ ಎರಡಕ್ಕೆ ಎದ್ದು ಅನ್ನ ಕೇಳುತ್ತಾಳೆ. ಬೇಳೆ ಅನ್ನ ಮಾಡಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಬಿಸಿಲಿಗೆ ಕರೆದುಕೊಂಡು ಹೋಗಿ, ಒಂದು ವಾರ ಹತ್ತು ದಿನದಲ್ಲಿ ಸರಿಯಾಗುತ್ತದೆ. ನ್ಯೂಜೆರ್ಸಿಯ ಕನ್ನಡ ಗೆಳೆಯರಿಗೂ ನೀರ್ಚಾಲಿನ ನಿಯಮವೇ. ಅಡುಗೆ ಮಾಡಿ ತಂದು ಬಾಗಿಲಲ್ಲಿ ಕೊಟ್ಟು ಹೋದರೆ ದೊಡ್ಡ ಉಪಕಾರ. ಕೆಲಸಕ್ಕೆ ರಜೆ ಇಬ್ಬರೂ ಹಾಕಿ. ಅಲ್ಲಿನ ಕುಟುಂಬ ಮತ್ತು ವೈದ್ಯಕೀಯ ರಜೆ ಕಾನೂನಿನಲ್ಲಿ ದತ್ತಿಗೂ 12 ವಾರದವರೆಗೆ ಸಂಬಳ ಇಲ್ಲದ ರಜೆ ಇದೆ, ನಿಮ್ಮ ಕಂಪನಿಗೆ ಅದು ಅನ್ವಯಿಸುತ್ತದೆಯೇ ಈಗಲೇ ಕೇಳಿಕೊಳ್ಳಿ. ಡೇಕೇರ್ ಸದ್ಯಕ್ಕೆ ಯೋಚಿಸಬೇಡಿ.

ಐಜಿಆರ್‌ಎ ರಿಪೋರ್ಟ್ ಬಂದ ಮೇಲೆ, ಅದು ಹೇಗೇ ಇದ್ದರೂ, ಮಗುವಿನ ತೂಕ ಮತ್ತು ಕೇಂದ್ರದ ವೈದ್ಯಕೀಯ ವರದಿಯ ಜೊತೆ ನನಗೆ ಕಳಿಸಿ. ನೋಡಿ ಹೇಳುತ್ತೇನೆ.